ಹಿನ್ನೆಲೆಯಲ್ಲೊಂದು ಸುಳಿ

ಹಳೆಯ ಕಾಲದ ಕೆಲವು ಭಾವಚಿತ್ರಗಳನ್ನು ನೋಡುವಾಗ ಕಣ್ಣು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ನಡುವೆ ಕುಳಿತ ವ್ಯಕ್ತಿಯ ರೆಪ್ಪೆಗೂದಲನ್ನೂ ಎಣಿಸಬಹುದು. ಆದರೆ ಹಿಂದಿನ ಮರದ ಎಲೆಗಳು, ಅವುಗಳ ಸಂದಿಯಿಂದ ತೂರಿಬಂದ ಬೆಳಕಿನ ಚುಕ್ಕೆಗಳು ಆ ಮುಖದ ಸುತ್ತ ಹೊಳೆಯ ಸುಳಿಯಂತೆ ತಿರುಗುತ್ತಿರುವ ಹಾಗೆ ಕಾಣುತ್ತವೆ. ಗಾಳಿ ಬೀಸಿದ್ದರಿಂದ ಆದದ್ದಲ್ಲ, ಕತ್ತಲೆ ಕೋಣೆಯಲ್ಲಿ ಮಾಡಿದ ಕೈಚಳಕವೂ ಅಲ್ಲ. ಅದು ಮಸೂರದ ದೋಷ. ಬಹುಕಾಲ ಮಸೂರ ತಯಾರಕರು ನಿವಾರಿಸಲು ಹೆಣಗಿದ ಈ ದೋಷವನ್ನು ಇಂದು ಛಾಯಾಗ್ರಾಹಕರು ಹಣ ಕೊಟ್ಟು ಹುಡುಕುತ್ತಿದ್ದಾರೆ. ಹೆಸರಾಂತ ಹಳೆಯ ಮಸೂರಗಳ ಬೆಲೆ ಸಾಮಾನ್ಯರ ಕೈಗೆ ಎಟುಕದಷ್ಟು ಏರಿದೆ. ಆದರೂ ಕಡಿಮೆ ಖರ್ಚಿನಲ್ಲಿ ಈ ಸುಳಿಯನ್ನು ಪಡೆಯುವ ದಾರಿಗಳಿವೆ. ಅವುಗಳನ್ನು ತಿಳಿಯಬೇಕಾದರೆ ಸುಳಿ ಹುಟ್ಟಿದ ಕಥೆಯನ್ನು ಮೊದಲು ತಿಳಿಯಬೇಕು.

ಗಣಿತಜ್ಞನ ಮಸೂರ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ಆದರೆ ಆ ಕ್ಯಾಮೆರಾದ ಮಸೂರ ಒಳಗೆ ಬಿಡುತ್ತಿದ್ದ ಬೆಳಕು ತೀರ ಕಡಿಮೆ. ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಕಟ್ಟಡವಾದರೆ ಅಲುಗಾಡದೆ ನಿಂತೀತು, ಮನುಷ್ಯ ಅಷ್ಟು ಹೊತ್ತು ಕುಳಿತಾನೆಯೇ?

ಈ ತೊಡಕನ್ನು ಬಿಡಿಸಿದವನು ವಿಯೆನ್ನಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್. ಇಂದಿನ ಸ್ಲೊವಾಕಿಯಾದ ಸ್ಪಿಶ್ಸ್ಕಾ ಬೆಲಾ ಎಂಬ ಊರಿನಲ್ಲಿ 1807ರಲ್ಲಿ ಹುಟ್ಟಿದ ಈತ ಮಸೂರವನ್ನು ಉಜ್ಜಿ ಉಜ್ಜಿ ಪ್ರಯೋಗ ಮಾಡುವ ಬದಲು ಕಾಗದದ ಮೇಲೆ ಲೆಕ್ಕ ಹಾಕಿ ರೂಪಿಸಲು ಹೊರಟ. ಲೆಕ್ಕಗಳು ಬೆಟ್ಟದಷ್ಟಿದ್ದವು. ಆಸ್ಟ್ರಿಯದ ರಾಜವಂಶದವರೊಬ್ಬರು ಫಿರಂಗಿ ದಳದಲ್ಲಿ ಲೆಕ್ಕ ಬಲ್ಲ ಸೈನಿಕರನ್ನು ಆತನ ನೆರವಿಗೆ ಕಳಿಸಿಕೊಟ್ಟರು. ಗುಂಡಿನ ಹಾದಿಯನ್ನು ಗುಣಿಸುತ್ತಿದ್ದವರು ಬೆಳಕಿನ ಹಾದಿಯನ್ನು ಗುಣಿಸಿದರು. 1840ರಲ್ಲಿ ಮಸೂರ ಸಿದ್ಧವಾಯಿತು. ವಿಯೆನ್ನಾದ ಫೋಖ್ಟ್‌ಲೆಂಡರ್ ಸಂಸ್ಥೆ ಅದನ್ನು ತಯಾರಿಸಿತು.

ಈ ಮಸೂರದ ಬೆಳಕಿನ ಸಾಮರ್ಥ್ಯ ಎಫ್ 3.6. ಡಾಗೇರನ ಕ್ಯಾಮೆರಾದ ಮಸೂರ ಸುಮಾರು ಎಫ್ 15. ಅಂದರೆ ಹೊಸ ಮಸೂರ ಹದಿನಾರು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಫಲಕದ ರಾಸಾಯನಿಕಗಳೂ ಸುಧಾರಿಸಿದ ಮೇಲೆ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಮನುಷ್ಯನ ಮುಖ ಛಾಯಾಚಿತ್ರಕ್ಕೆ ದಕ್ಕಿದ್ದು ಹೀಗೆ. ಊರೂರಿನಲ್ಲಿ ಭಾವಚಿತ್ರದ ಅಂಗಡಿಗಳು ತೆರೆದವು.

ಆದರೆ ಈ ವೇಗಕ್ಕೆ ಪೆಟ್ಸ್‌ವಾಲ್ ಒಂದು ಬೆಲೆ ತೆತ್ತಿದ್ದ. ಚಿತ್ರದ ನಡುಭಾಗ ಮಾತ್ರ ಸ್ಫುಟವಾಗಿತ್ತು, ಅಂಚಿಗೆ ಹೋದಂತೆ ಅದು ಕರಗುತ್ತಿತ್ತು. ಮುಖ ಇರುವುದೇ ನಡುವಿನಲ್ಲಿ, ಆದ್ದರಿಂದ ಯಾರೂ ಹೆಚ್ಚು ತಕರಾರು ಮಾಡಲಿಲ್ಲ. ಫೋಖ್ಟ್‌ಲೆಂಡರ್ 1841ರಲ್ಲಿ ಮಾರಿದ ಹಿತ್ತಾಳೆಯ ಕ್ಯಾಮೆರಾ ದುಂಡಗಿನ ಚಿತ್ರವನ್ನೇ ಕೊಡುತ್ತಿತ್ತು. ಮೂಲೆಗಳೇ ಇಲ್ಲದ ಮೇಲೆ ಮೂಲೆಯ ದೋಷ ಕಾಣುವುದೆಲ್ಲಿ?

ಸುಳಿ ಏಕೆ ಮೂಡುತ್ತದೆ?

ಒಂದು ಗೇಣುದ್ದದ ಕೊಳವೆಯನ್ನು ಕಣ್ಣೆದುರು ಹಿಡಿದು ನೋಡಿ. ನೇರವಾಗಿ ಹಿಡಿದರೆ ಅದರ ಬಾಯಿ ದುಂಡಗೆ ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಈಚಿನ ಅಂಚು ಮತ್ತು ಆಚಿನ ಅಂಚು ಒಂದನ್ನೊಂದು ಕತ್ತರಿಸಿ, ಉಳಿಯುವ ಕಿಂಡಿ ಬಾದಾಮಿಯ ಆಕಾರ ತಾಳುತ್ತದೆ. ಪೆಟ್ಸ್‌ವಾಲ್ ಮಸೂರವೂ ಇಂಥದೇ ಕೊಳವೆ. ಹಿತ್ತಾಳೆಯ ನಳಿಗೆಯ ಮುಂದೊಂದು ಜೋಡಿ ಗಾಜು, ಸಾಕಷ್ಟು ಅಂತರ ಬಿಟ್ಟು ಹಿಂದೊಂದು ಜೋಡಿ ಗಾಜು. ಚಿತ್ರದ ನಡುವೆ ಬೀಳುವ ಬೆಳಕಿನ ಮಸುಕು ಚುಕ್ಕೆ ದುಂಡಗಿರುತ್ತದೆ. ಓರೆಯಾಗಿ ಬಂದು ಅಂಚಿಗೆ ಬೀಳುವ ಚುಕ್ಕೆ ಬಾದಾಮಿಯಾಗುತ್ತದೆ. ಈ ಬಾದಾಮಿಗಳೆಲ್ಲ ನಡುಬಿಂದುವಿನ ಸುತ್ತ, ಬಳೆಯ ಮೇಲೆ ಕೂರಿಸಿದ ಹರಳುಗಳಂತೆ ಸಾಲುಗಟ್ಟುತ್ತವೆ. ಕಣ್ಣು ಆ ಸಾಲನ್ನು ತಿರುಗುವಿಕೆ ಎಂದು ಓದುತ್ತದೆ.

ಇದಕ್ಕೆ ಇನ್ನೆರಡು ದೋಷಗಳು ಜೊತೆಗೂಡುತ್ತವೆ. ಅಂಚಿನಲ್ಲಿ ಬರುವ ಕಿರಣಗಳು ಒಂದೇ ಬಿಂದುವಿನಲ್ಲಿ ಸೇರದೆ, ಅಡ್ಡಗೆರೆ ಒಂದು ದೂರದಲ್ಲೂ ಉದ್ದಗೆರೆ ಇನ್ನೊಂದು ದೂರದಲ್ಲೂ ಸ್ಫುಟವಾಗುತ್ತವೆ. ಹೀಗಾಗಿ ಮಸುಕು ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ. ಜೊತೆಗೆ ಈ ಮಸೂರ ಚಿತ್ರವನ್ನು ಸಪಾಟಾದ ಫಲಕದ ಮೇಲಲ್ಲ, ಬಟ್ಟಲಿನಂಥ ಬಾಗಿದ ಮೈಮೇಲೆ ಮೂಡಿಸಲು ಹವಣಿಸುತ್ತದೆ.

ಇದರಿಂದ ಸುಳಿಯನ್ನು ಬಯಸುವವರು ತಿಳಿಯಬೇಕಾದ ನಿಯಮಗಳು ತಾವಾಗಿ ಹೊರಡುತ್ತವೆ. ಮಸೂರವನ್ನು ಪೂರ್ತಿ ತೆರೆದೇ ಬಳಸಬೇಕು. ಕಿಂಡಿಯನ್ನು ಕಿರಿದಾಗಿಸಿದರೆ ಬಾದಾಮಿಗಳು ದುಂಡಗಾಗಿ ಸುಳಿ ಮಾಯವಾಗುತ್ತದೆ. ವ್ಯಕ್ತಿ ಹತ್ತಿರವಿದ್ದು, ಹಿನ್ನೆಲೆ ಹಲವು ಮಾರು ದೂರವಿರಬೇಕು. ಆ ಹಿನ್ನೆಲೆಯಲ್ಲಿ ಎಲೆ, ಬಳ್ಳಿ, ಬಿಸಿಲಿನ ಚುಕ್ಕೆಗಳಂಥ ಬಿಡಿ ಬಿಡಿ ವಿವರಗಳಿರಬೇಕು. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ಕುರ್ಚಿಯ ಬೆನ್ನಿಗೇ ಬಣ್ಣದ ಪರದೆ ಕಟ್ಟಿ ತೆಗೆದ ಚಿತ್ರಗಳಲ್ಲಿ ಎಂಥ ಪೆಟ್ಸ್‌ವಾಲ್ ಇದ್ದರೂ ಸುಳಿ ಕಾಣದು. ಪರದೆ ಸಪಾಟು, ಮೇಲಾಗಿ ತೀರ ಹತ್ತಿರ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ದೋಷವಿರುವುದು ಅಂಚಿನಲ್ಲಿ, ಆದ್ದರಿಂದ ಫಿಲಂ ಆ ಅಂಚಿನವರೆಗೂ ಚಾಚಿರಬೇಕು. ದೊಡ್ಡ ಮಸೂರವನ್ನು ಸಣ್ಣ ಫಿಲಮಿಗೆ ಹಾಕಿದರೆ ನಡುವಿನ ಒಳ್ಳೆಯ ಭಾಗವಷ್ಟೇ ದಾಖಲಾಗುತ್ತದೆ. ಹತ್ತು, ಹನ್ನೆರಡು ಇಂಚು ಸಂಗಮದೂರದ ಭಾರಿ ಮಸೂರಕ್ಕೆ ಹಣ ಸುರಿದು 4x5 ಇಂಚಿನ ಕ್ಯಾಮೆರಾಕ್ಕೆ ಕೂರಿಸಿದವರು ಸುಳಿ ಕಾಣದೆ ನಿರಾಶರಾಗುವುದು ಇದರಿಂದಲೇ. ಆ ಅಳತೆಗೆ ಏಳೆಂಟು ಇಂಚಿನ ಮಸೂರವೇ ಸರಿ. ಆರು ಇಂಚಿನದಾದರೆ ಮೂಲೆಗಳು ಕಪ್ಪಾಗಬಹುದು. ಸಣ್ಣ ಮಸೂರದ ಬೆಲೆಯೂ ಕಡಿಮೆ. ಅಪರೂಪಕ್ಕೆ ಇಲ್ಲಿ ಅಗ್ಗವಾದುದೇ ಕೆಲಸಕ್ಕೂ ಒಳ್ಳೆಯದು.

ಹೆಸರಿಲ್ಲದ ಹಿತ್ತಾಳೆ

ಫೋಖ್ಟ್‌ಲೆಂಡರ್, ಲಂಡನ್ನಿನ ಡಾಲ್‌ಮೇಯರ್ ಮುಂತಾದ ಹೆಸರು ಕೆತ್ತಿದ ಮಸೂರಗಳನ್ನು ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುತ್ತಾರೆ. ಪ್ಯಾರಿಸ್ಸಿನ ಜಾಮಿನ್, ಡಾರ್ಲೊ, ಎರ್ಮಾಜಿ ಮೊದಲಾದವರ ಮಸೂರಗಳಿಗೂ ಗಿರಾಕಿಗಳಿದ್ದಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಮೊದಲು ಬಳಸಿದ್ದು ಜಾಮಿನ್ ಮಸೂರವನ್ನೇ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಪೆಟ್ಸ್‌ವಾಲ್ ಮಾದರಿಯನ್ನು ಯುರೋಪು, ಅಮೆರಿಕಗಳ ಎಷ್ಟೋ ಕಾರ್ಖಾನೆಗಳು ನಕಲು ಮಾಡಿದವು. ಹೆಸರೇ ಕೆತ್ತದ ಮಸೂರಗಳು ರಾಶಿ ರಾಶಿಯಾಗಿ ಹೊರಬಂದವು. ಗಾಜಿನ ವಿನ್ಯಾಸ ಅದೇ, ಸುಳಿಯೂ ಅದೇ. ಹೆಸರಿಲ್ಲದ್ದಕ್ಕೆ ಬೆಲೆ ಮಾತ್ರ ಕಡಿಮೆ.

ಇನ್ನೂ ಅಗ್ಗದ ಮೂಲ ಪ್ರೊಜೆಕ್ಟರುಗಳು. 1890ರ ಸುಮಾರಿಗೆ ಅಂಚಿನವರೆಗೂ ಸ್ಫುಟವಾಗಿರುವ ಹೊಸ ಮಸೂರಗಳು ಬಂದ ಮೇಲೆ ಸ್ಟುಡಿಯೊಗಳು ಕ್ರಮೇಣ ಪೆಟ್ಸ್‌ವಾಲನ್ನು ಕೈಬಿಟ್ಟವು. ಆದರೆ ತೆರೆಯ ಮೇಲೆ ಚಿತ್ರ ಬಿಡುವವರಿಗೆ ಬೇಕಾದದ್ದು ಪ್ರಖರ ಬೆಳಕು ಮತ್ತು ಕಿರಿದಾದ ನೋಟ, ಅದಕ್ಕೆ ಪೆಟ್ಸ್‌ವಾಲೇ ತಕ್ಕದ್ದು. ಹಾಗಾಗಿ ಮ್ಯಾಜಿಕ್ ಲ್ಯಾಂಟರ್ನುಗಳಲ್ಲಿ, ನಂತರ ಸಿನಿಮಾ ಪ್ರೊಜೆಕ್ಟರುಗಳಲ್ಲಿ ಅದು ಬಹುಕಾಲ ಬದುಕಿತು. ಕೆಟ್ಟುಹೋದ ಲ್ಯಾಂಟರ್ನಿನಿಂದ ಕಳಚಿಟ್ಟ ಮಸೂರ ಗುಜರಿ ಅಂಗಡಿಯಲ್ಲೂ ಸಿಕ್ಕೀತು. ಎಲ್ಲ ಪ್ರೊಜೆಕ್ಟರ್ ಮಸೂರಗಳೂ ಪೆಟ್ಸ್‌ವಾಲ್ ಅಲ್ಲ ಎಂಬುದು ನೆನಪಿರಲಿ. ಸ್ಲೈಡ್ ಪ್ರೊಜೆಕ್ಟರಿನವು ಹಲವು ಮೂರು ಗಾಜಿನ ಬೇರೆ ಮಾದರಿಯವು. 16 ಮಿ.ಮೀ. ಪ್ರೊಜೆಕ್ಟರಿನ ಮಸೂರಗಳು ದೊಡ್ಡ ಫಿಲಮಿಗೆ ತೀರ ಚಿಕ್ಕವು. ಕೆಟ್ಟಿರದ, ಇಡಿಯಾಗಿ ಉಳಿದ ಲ್ಯಾಂಟರ್ನನ್ನು ಮಸೂರಕ್ಕಾಗಿ ಬಿಚ್ಚುವುದಂತೂ ಅನ್ಯಾಯ.

ಕೊಳ್ಳುವ ಮೊದಲಿನ ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ. ದೀಪವೊಂದರ ಪ್ರತಿಬಿಂಬವನ್ನು ಗಾಜಿನಲ್ಲಿ ನೋಡಬೇಕು. ಅಂಟಿಸಿದ ಮುಂದಿನ ಜೋಡಿಯಲ್ಲಿ ಎರಡು ಪ್ರಖರ, ಒಂದು ಮಂಕು ಪ್ರತಿಬಿಂಬ ಕಾಣುತ್ತವೆ. ನಡುವೆ ಗಾಳಿ ಇರುವ ಹಿಂದಿನ ಜೋಡಿಯಲ್ಲಿ ನಾಲ್ಕೂ ಪ್ರಖರ. ಹೀಗಿದ್ದರೆ ಅದು ಪೆಟ್ಸ್‌ವಾಲ್ ಎನ್ನಬಹುದು. ಕಿಟಕಿಯಾಚೆಯ ದೂರದ ಮರವನ್ನು ಎದುರು ಗೋಡೆಯ ಕಾಗದದ ಮೇಲೆ ಮೂಡಿಸಿ, ನಳಿಗೆಯ ನಡುವಿನಿಂದ ಕಾಗದದವರೆಗೆ ಅಳೆದರೆ ಸಂಗಮದೂರ ಸರಿಸುಮಾರಾಗಿ ಸಿಗುತ್ತದೆ. ಅದನ್ನು ಮುಂದಿನ ಗಾಜಿನ ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆಯ ಅಂದಾಜು ದೊರೆಯುತ್ತದೆ. ನಳಿಗೆಯಲ್ಲಿ ತಗಡಿನ ಬಿಲ್ಲೆ ತೂರಿಸುವ ಸೀಳಿದ್ದರೆ ಅದು ಕ್ಯಾಮೆರಾದ ಮಸೂರ. ಆ ಏರ್ಪಾಟು ಬಂದದ್ದು 1858ರ ನಂತರ. ಸೀಳಿಲ್ಲದಿದ್ದರೆ ಒಂದೋ ಅದಕ್ಕಿಂತ ಹಳೆಯದು, ಇಲ್ಲವೇ ಪ್ರೊಜೆಕ್ಟರಿನದು. ಲ್ಯಾಂಟರ್ನ್ ಮಸೂರವನ್ನೇ ಪ್ರಾಚೀನ ಕ್ಯಾಮೆರಾದ್ದೆಂದು ಹೇಳಿ ಹೆಚ್ಚು ಬೆಲೆಗೆ ಮಾರುವುದೂ ಉಂಟು.

ಗಾಜಿನ ಮೇಲಿನ ಸಣ್ಣ ಗೀರುಗಳಿಗೆ ಹೆದರಬೇಕಿಲ್ಲ. ಅಂಚಿನಲ್ಲಿ ಅಂಟು ಸ್ವಲ್ಪ ಬಿಟ್ಟು ಹಳದಿಯಾಗಿದ್ದರೂ ಚಿತ್ರ ಬರುತ್ತದೆ, ಬೆಲೆ ಇಳಿಸಲು ಅದೊಂದು ನೆಪವೂ ಆಗುತ್ತದೆ. ಗಾಜಿನುದ್ದಕ್ಕೂ ಹಬ್ಬಿದ ಬೂಷ್ಟು ಮಾತ್ರ ಕೆಟ್ಟದ್ದು. ಎಲ್ಲಿಯೂ ಸ್ಫುಟವಾಗದ ಮಸೂರ ಸಿಕ್ಕರೆ ಎಸೆಯುವ ಮುನ್ನ ಹಿಂದಿನ ಜೋಡಿಯನ್ನು ಬಿಚ್ಚಿ ನೋಡಬೇಕು. ಒರೆಸಿದವರು ಯಾರೋ ಗಾಜುಗಳನ್ನು ಹಿಂದುಮುಂದಾಗಿ ಕೂರಿಸಿರುವುದು, ನಡುವಿನ ಉಂಗುರವನ್ನು ಕಳೆದಿರುವುದು ಬಹಳ ಸಾಮಾನ್ಯ.

ಇನ್ನುಳಿದ ತೊಡಕು ಷಟರಿನದು. ಈ ಮಸೂರಗಳಲ್ಲಿ ಷಟರ್ ಇಲ್ಲ. ಆ ಕಾಲದವರು ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಇಂದಿನ ವೇಗದ ಫಿಲಮಿಗೆ ಅದು ಹೊಂದದು. ಹಿಂಬದಿಯಲ್ಲಿ ಪರದೆಯಂಥ ಷಟರ್ ಇರುವ ಸ್ಪೀಡ್ ಗ್ರಾಫಿಕ್‌ನಂಥ ಹಳೆಯ ಪತ್ರಿಕಾ ಕ್ಯಾಮೆರಾ ಒಂದು ದಾರಿ, ಆದರೆ ತೂಕದ ಹಿತ್ತಾಳೆಯನ್ನು ಅದರ ಪುಟ್ಟ ಹಲಗೆ ಹೊರಲಾರದು. ಅತಿ ಅಗ್ಗದ ದಾರಿ ಎಂದರೆ ಫಿಲಮಿನ ಬದಲು ಛಾಯಾಚಿತ್ರ ಮುದ್ರಿಸುವ ಕಾಗದವನ್ನೇ ಕ್ಯಾಮೆರಾದೊಳಗೆ ಇಡುವುದು. ಕಾಗದ ತೀರ ನಿಧಾನ. ಸಂಜೆಯ ದಟ್ಟ ನೆರಳಿನಲ್ಲಿ ಮುಚ್ಚಳ ತೆಗೆದು ಒಂದೆರಡು ಎಣಿಸುವಷ್ಟು ಸಮಯ ಕೊಡುತ್ತದೆ. ಕೆಂಪು ದೀಪದ ಕೆಳಗೆ ಅದನ್ನು ತೊಳೆದು ಕಣ್ಣೆದುರೇ ಚಿತ್ರ ಮೂಡುವುದನ್ನು ಕಾಣಬಹುದು.

2013ರಲ್ಲಿ ಲೋಮೋಗ್ರಫಿ ಸಂಸ್ಥೆ ಸಣ್ಣ ಕ್ಯಾಮೆರಾಗಳಿಗೆ ಹೊಂದುವ ಹೊಸ ಪೆಟ್ಸ್‌ವಾಲ್ ಮಸೂರವನ್ನು ರಷ್ಯಾದಲ್ಲಿ ಮಾಡಿಸಲು ಜನರಿಂದ ಮುಂಗಡ ಕೇಳಿದಾಗ ಸುಮಾರು 14 ಲಕ್ಷ ಡಾಲರ್ ಹರಿದುಬಂತು. ಪೆಟ್ಸ್‌ವಾಲನಿಗೆ ಫೋಖ್ಟ್‌ಲೆಂಡರ್‌ನಿಂದ ದೊರೆತದ್ದು ಒಮ್ಮೆ ಕೊಟ್ಟ 2,000 ಗುಲ್ಡನ್. ಸಂಸ್ಥೆಯೊಂದಿಗೆ ಮನಸ್ತಾಪ ಬೆಳೆದು ಮೊಕದ್ದಮೆಯವರೆಗೂ ಹೋಯಿತು. ನಕಲು ಮಾಡಿದವರಿಂದ ಆತನಿಗೆ ಏನೂ ಬರಲಿಲ್ಲ. ಮನೆಗೆ ನುಗ್ಗಿದ ಕಳ್ಳರು ಬೆಳಕಿನ ಶಾಸ್ತ್ರದ ಹಸ್ತಪ್ರತಿಯನ್ನು ಹಾಳುಮಾಡಿದರೆಂದೂ, ಅದರ ನಂತರ ಆತ ಆ ವಿಷಯವನ್ನೇ ಬಿಟ್ಟನೆಂದೂ ಹೇಳುತ್ತಾರೆ. 1891ರಲ್ಲಿ ಆತ ವಿಯೆನ್ನಾದಲ್ಲಿ ತೀರಿಕೊಂಡ.

ಅಂದಿನ ನಕಲುಗಾರರು ಊರು ತುಂಬ ಮಸೂರ ಹಂಚದಿದ್ದರೆ ಇಂದು ಗುಜರಿಯಲ್ಲಿ ಅದು ಸಿಗುತ್ತಿರಲಿಲ್ಲ. ಪೆಟ್ಸ್‌ವಾಲ್ ಕಳೆದುಕೊಂಡದ್ದೇ ಇಂದಿನ ಬಡ ಛಾಯಾಗ್ರಾಹಕನ ಪಾಲಿಗೆ ಉಳಿದ ಆಸ್ತಿ. ಸ್ಫುಟತೆಗಾಗಿ ಲೆಕ್ಕ ಹಾಕಿದ ಆ ಗಣಿತಜ್ಞನ ಮಸೂರವನ್ನು ಜನ ಈಗ ಹುಡುಕುವುದು ಲೆಕ್ಕಕ್ಕೆ ಸಿಗದೆ ಉಳಿದ ಅಂಚಿಗಾಗಿ.