ಬೆಳವಣಿಗೆಯ ತೊಂದರೆಯುಳ್ಳ ಮಕ್ಕಳಿಗೆ ಕುದುರೆ ಸವಾರಿ ಚಿಕಿತ್ಸೆ: ಪಾಲಕರಿಗೆ ಮಾಹಿತಿ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಬೌದ್ಧಿಕ ವಿಕಲತೆ ಮುಂತಾದ ತೊಂದರೆಗಳುಳ್ಳ ಮಕ್ಕಳಿಗೆ ಕುದುರೆ ಸವಾರಿಯ ಮೂಲಕ ನೀಡಲಾಗುವ ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಮಿತಿ ಹಾಗೂ ಪಾಲಕರು ವಹಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಇದು ಪೂರಕ ಚಿಕಿತ್ಸೆಯೇ ಹೊರತು ವಿಕಲತೆಯನ್ನು ನಿವಾರಿಸುವ ಚಿಕಿತ್ಸೆಯಲ್ಲ ಎಂಬುದನ್ನು ಪಾಲಕರು ಮೊದಲಿಗೆ ಗಮನಿಸತಕ್ಕದ್ದು.

ಹಿನ್ನೆಲೆ

ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಅವರು 1944ರಲ್ಲಿ ಪೋಲಿಯೊಗೆ ತುತ್ತಾಗಿ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡರು. ಕುದುರೆ ಏರಲು ಮತ್ತು ಇಳಿಯಲು ಇತರರ ನೆರವು ಬೇಕಾಗಿದ್ದರೂ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗಳಿಸಿದರು. ಅನಂತರ ಯೂರೋಪಿನಲ್ಲಿ ಈ ವಿಷಯದ ಕುರಿತು ಆಸಕ್ತಿ ಹೆಚ್ಚಿತು. 1969ರಲ್ಲಿ ಬ್ರಿಟನ್ ಹಾಗೂ ಅಮೆರಿಕಗಳಲ್ಲಿ ವಿಕಲಚೇತನರ ಸವಾರಿಗಾಗಿಯೇ ರಾಷ್ಟ್ರಮಟ್ಟದ ಸಂಸ್ಥೆಗಳು ಸ್ಥಾಪನೆಯಾದವು.

ಎರಡು ವಿಧಗಳು

1. ಹಿಪ್ಪೋಥೆರಪಿ: ಇದನ್ನು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ವಾಕ್ ಚಿಕಿತ್ಸೆಯ ತಜ್ಞರು ನಡೆಸುತ್ತಾರೆ. ಮಗು ಕುದುರೆಯನ್ನು ನಡೆಸುವುದಿಲ್ಲ. ಕುದುರೆಯ ಚಲನೆಯೇ ಇಲ್ಲಿ ಚಿಕಿತ್ಸೆಯ ಸಾಧನ.
2. ಚಿಕಿತ್ಸಾತ್ಮಕ ಸವಾರಿ: ತರಬೇತಿ ಪಡೆದ ಸವಾರಿ ಶಿಕ್ಷಕರು ಮಗುವಿನ ಸಾಮರ್ಥ್ಯಕ್ಕೆ ತಕ್ಕಂತೆ ಸವಾರಿಯನ್ನೇ ಕಲಿಸುತ್ತಾರೆ.

ಕೇಂದ್ರದಲ್ಲಿ ದೊರೆಯುವುದು ಇವೆರಡರಲ್ಲಿ ಯಾವುದು ಎಂಬುದನ್ನು ದಾಖಲಾತಿಗೆ ಮುನ್ನ ಕೇಳಿ ತಿಳಿದುಕೊಳ್ಳುವುದು ಸೂಕ್ತ.

ಪ್ರಯೋಜನವಾಗುವ ಬಗೆ

ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನ ಮೇಲಿರುವ ಮಗುವಿನ ಸೊಂಟವು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹಾಗೂ ತುಸು ತಿರುಗುತ್ತಾ ಚಲಿಸುತ್ತದೆ. ಮನುಷ್ಯನು ನಡೆಯುವಾಗ ಸೊಂಟದಲ್ಲಿ ಉಂಟಾಗುವ ಚಲನೆಯೂ ಬಹುಮಟ್ಟಿಗೆ ಇದೇ ರೀತಿಯದು. ಆದುದರಿಂದ ಸ್ವತಂತ್ರವಾಗಿ ನಡೆಯಲಾಗದ ಮಗುವಿಗೂ ನಡಿಗೆಯ ಅನುಭವ ದೊರೆಯುತ್ತದೆ. ಕುದುರೆಯು ನಿಮಿಷಕ್ಕೆ ಸುಮಾರು 100 ಹೆಜ್ಜೆ ಇಟ್ಟಲ್ಲಿ, 20 ನಿಮಿಷಗಳಲ್ಲಿ ಮಗು ಸುಮಾರು 2,000 ಬಾರಿ ತನ್ನ ಸಮತೋಲನವನ್ನು ಸರಿಪಡಿಸಿಕೊಳ್ಳುತ್ತದೆ. ಕುದುರೆಯ ಮೈ ಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇದ್ದು, ಆ ಶಾಖ ಹಾಗೂ ಕಾಲು ಅಗಲಿಸಿ ಕುಳಿತ ಭಂಗಿಯಿಂದ ಬಿಗಿದ ಸ್ನಾಯುಗಳು ಸಡಿಲಗೊಳ್ಳಲು ಸಹಾಯವಾಗುತ್ತದೆ.

2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಟಿಸಂ ಇರುವ 6ರಿಂದ 16 ವರ್ಷದವರ ಒಂದು ಗುಂಪಿಗೆ 10 ವಾರ ಸವಾರಿ ನೀಡಲಾಯಿತು. ಇನ್ನೊಂದು ಗುಂಪಿಗೆ ಸವಾರಿಯಿಲ್ಲದೆ ಕುದುರೆಗಳ ಕುರಿತ ಪಾಠ ಮಾತ್ರ ಇತ್ತು. ಸವಾರಿ ಮಾಡಿದವರಲ್ಲಿ ಸಿಡುಕು ಹಾಗೂ ಅತಿಚಟುವಟಿಕೆ ಹೆಚ್ಚು ಇಳಿದು, ಇತರರೊಡನೆ ಸಂವಹನ ಸುಧಾರಿಸಿರುವುದು ಕಂಡುಬಂದಿತು. ಇದರಿಂದ ಆಟಿಸಂ ಗುಣವಾಗುವುದೆಂದು ಭಾವಿಸಬಾರದು.

ವೈದ್ಯರ ಅನುಮತಿ

ವೈದ್ಯರ ಲಿಖಿತ ಅನುಮತಿಯಿಲ್ಲದೆ ಮಗುವನ್ನು ಕುದುರೆಯ ಮೇಲೆ ಕೂರಿಸಬಾರದು. ವಿಶೇಷವಾಗಿ ಈ ಕೆಳಕಂಡ ಸಂದರ್ಭಗಳಲ್ಲಿ ಎಚ್ಚರಿಕೆ ಅಗತ್ಯ:

• ಹತೋಟಿಗೆ ಬಾರದ ಮೂರ್ಛೆ ರೋಗ
• ಸೊಂಟದ ಕೀಲು ಜಾರಿರುವುದು, ಬೆನ್ನುಮೂಳೆ ತೀವ್ರವಾಗಿ ಬಾಗಿರುವುದು, ಮೂಳೆಗಳು ಸುಲಭವಾಗಿ ಮುರಿಯುವ ಸ್ಥಿತಿ
• ಕುದುರೆಯ ಕೂದಲು ಅಥವಾ ಧೂಳಿನಿಂದ ಉಬ್ಬಸ, ಅಲರ್ಜಿ
• ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುವ ಸಂಭವವಿದ್ದು, ತಪಾಸಣೆ ಹಾಗೂ ವೈದ್ಯರು ಸೂಚಿಸಿದಲ್ಲಿ ಎಕ್ಸ್-ರೇ ಮಾಡಿಸುವುದು

ಕುದುರೆ ಲಾಯದ ಪರಿಸರದಲ್ಲಿ ಧನುರ್ವಾಯುವಿನ ಅಪಾಯವಿರುವುದರಿಂದ ಆ ಲಸಿಕೆಯನ್ನು ತಪ್ಪದೇ ಹಾಕಿಸಿರಬೇಕು.

ಕೇಂದ್ರದಲ್ಲಿ ಪರಿಶೀಲಿಸಬೇಕಾದ ಅಂಶಗಳು

1. ಲಗಾಮು ಹಿಡಿದು ನಡೆಸಲು ಒಬ್ಬರು ಹಾಗೂ ಅಗತ್ಯವುಳ್ಳ ಮಗುವಿನ ಎರಡೂ ಪಕ್ಕದಲ್ಲಿ ನಡೆಯಲು ಒಬ್ಬೊಬ್ಬರು ಇರುವರೇ?
2. ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್ ಇದೆಯೇ?
3. ಕುದುರೆ ಶಾಂತ ಸ್ವಭಾವದ್ದೇ, ಈ ಕೆಲಸಕ್ಕೆ ಪಳಗಿದ್ದೇ? ಪಶುವೈದ್ಯರ ಪ್ರಮಾಣಪತ್ರ ಇದೆಯೇ?
4. ಶಿಕ್ಷಕರ ಅಥವಾ ಥೆರಪಿಸ್ಟರ ವಿದ್ಯಾರ್ಹತೆ ಏನು?
5. ಮಗುವಿಗೆ ಗುರಿಗಳನ್ನು ನಿಗದಿಪಡಿಸಿ, ಪ್ರಗತಿಯನ್ನು ಬರಹದಲ್ಲಿ ದಾಖಲಿಸಲಾಗುವುದೇ?

ಗುಣಪಡಿಸುವ ಭರವಸೆ ನೀಡುವ ಅಥವಾ ಈಗಿನ ಔಷಧ, ಫಿಸಿಯೋಥೆರಪಿಗಳನ್ನು ನಿಲ್ಲಿಸಲು ಹೇಳುವ ಕೇಂದ್ರಗಳಿಂದ ಪಾಲಕರು ದೂರವಿರುವುದು ಒಳಿತು. ಹೀಗೆ ಕಳೆದುಹೋದ ತಿಂಗಳುಗಳು, ಅದರಲ್ಲಿಯೂ ಮೊದಲ ಆರು ವರ್ಷಗಳಲ್ಲಿ, ಮಗುವಿಗೆ ಮರಳಿ ದೊರೆಯಲಾರವು.

ಸರ್ಕಾರಿ ಸೌಲಭ್ಯಗಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಮಕ್ಕಳ ತಪಾಸಣೆ ಹಾಗೂ ಥೆರಪಿ ಉಚಿತವಾಗಿ ಲಭ್ಯ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ 21 ಬಗೆಯ ವಿಕಲತೆಗಳು ಸೇರಿದ್ದು, ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಹಾಗೂ ಬಹುವಿಧ ವಿಕಲತೆಯುಳ್ಳವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಡಿ 1 ಲಕ್ಷ ರೂ.ವರೆಗೆ ರಕ್ಷಣೆಯಿದೆ. ಸವಾರಿ ಚಿಕಿತ್ಸೆಯ ವೆಚ್ಚ ಅದರಲ್ಲಿ ಮರುಪಾವತಿಯಾಗುವುದೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಅರ್ಜಿ ಸಲ್ಲಿಸಲು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು.

ಸಮೀಪದಲ್ಲಿ ಸವಾರಿ ಕೇಂದ್ರವಿಲ್ಲವೆಂದು ಅಥವಾ ಶುಲ್ಕ ಭರಿಸಲಾಗದೆಂದು ಪಾಲಕರು ನಿರಾಶರಾಗಬೇಕಾಗಿಲ್ಲ. ಸಮತೋಲನ ಹಾಗೂ ಕುಳಿತುಕೊಳ್ಳುವ ಸಾಮರ್ಥ್ಯವನ್ನು ಬೆಳೆಸಲು ಫಿಸಿಯೋಥೆರಪಿಯಲ್ಲಿ ಇತರ ವ್ಯಾಯಾಮಗಳೂ ಇವೆ. ಕುದುರೆ ಸವಾರಿಯ ಕುರಿತು ನಿರ್ಧರಿಸುವ ಮುನ್ನ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿನ ಥೆರಪಿಯನ್ನು ತಡಮಾಡದೆ ಆರಂಭಿಸಬೇಕೆಂದು ಕೋರಲಾಗಿದೆ.