ಡಿಕ್ಕಿಯೊಳಗೆ ಮಡಚಿಡುವ ಚಾವಣಿ

ಪ್ಯೂಜೊ 206 ಸಿಸಿ ಕಾರಿನ ಚಾವಣಿ ತೆರೆಯಬೇಕಾದರೆ ಮೊದಲು ಕೈಗೆ ಸ್ವಲ್ಪ ಕೆಲಸ. ಮುಂಗಾಜಿನ ಮೇಲಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಹಿಡಿಕೆ ಇದೆ. ಎರಡನ್ನೂ ಎಳೆದು ಕೊಂಡಿ ಬಿಡಿಸಬೇಕು. ಆಮೇಲೆ ಸ್ವಿಚ್ಚನ್ನು ಒತ್ತಿ ಹಿಡಿದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಕಿಟಕಿ ಗಾಜು ಕೆಳಗಿಳಿಯುತ್ತದೆ. ಡಿಕ್ಕಿಯ ಮುಚ್ಚಳ ಎಂದಿನಂತೆ ಹಿಂದಿನಿಂದಲ್ಲ, ಸೀಟುಗಳ ಕಡೆಯಿಂದ ಮೇಲೇಳುತ್ತದೆ. ತಲೆಯ ಮೇಲಿನ ಲೋಹದ ಚಾವಣಿ ಎದ್ದು, ನಡುವೆ ಮಡಚಿಕೊಂಡು, ಹಿಂಗಾಜಿನ ಸಮೇತ ಡಿಕ್ಕಿಯೊಳಗೆ ಇಳಿದು ಮಲಗುತ್ತದೆ. ಮುಚ್ಚಳ ಮತ್ತೆ ಮುಚ್ಚಿಕೊಳ್ಳುತ್ತದೆ. ಇಷ್ಟಕ್ಕೂ ಹಿಡಿಯುವುದು ಸುಮಾರು 20 ಸೆಕೆಂಡು.

1998ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಪ್ರಯೋಗದ ಮಾದರಿಯಾಗಿ ಕಾಣಿಸಿಕೊಂಡ ಈ ಕಾರು 2000ದಲ್ಲಿ ತಯಾರಿಕೆಗೆ ಸಜ್ಜಾದ ರೂಪದಲ್ಲಿ ಜನರ ಮುಂದೆ ಬಂತು. ಹೆಸರಿನಲ್ಲಿರುವ ಸಿಸಿ ಎಂಜಿನ್ನಿನ ಅಳತೆಯಲ್ಲ, ಕೂಪೆ ಕ್ಯಾಬ್ರಿಯೊಲೆ ಎಂಬುದರ ಮೊದಲಕ್ಷರಗಳು. ಮುಚ್ಚಿದಾಗ ಕೂಪೆ, ತೆರೆದಾಗ ಕ್ಯಾಬ್ರಿಯೊಲೆ. ಉದ್ದ 3.8 ಮೀಟರಿಗಿಂತ ತುಸು ಹೆಚ್ಚು. ನಮ್ಮಲ್ಲಿ ತೆರಿಗೆ ರಿಯಾಯಿತಿಗಾಗಿ ನಾಲ್ಕು ಮೀಟರಿನೊಳಗೆ ಕಟ್ಟುವ ಸಣ್ಣ ಕಾರುಗಳಷ್ಟೇ. ತಳ, ಎಂಜಿನ್, ಗೇರ್‌ಬಾಕ್ಸ್ ಹೆಚ್ಚಿನಂಶ ಯುರೋಪಿನ ಬೀದಿಬೀದಿಯಲ್ಲಿದ್ದ ಮಾಮೂಲಿ 206 ಹ್ಯಾಚ್‌ಬ್ಯಾಕಿನವು. ನಾಲ್ಕು ವರ್ಷ ಮೊದಲು, 1996ರಲ್ಲಿ, ಮರ್ಸಿಡಿಸ್ ಎಸ್‌ಎಲ್‌ಕೆ ಇದೇ ಚಮತ್ಕಾರವನ್ನು ಮಾಡಿ ತೋರಿಸಿತ್ತು. ಆದರೆ ಅದು ಸಿರಿವಂತರ ಕಾರು. ಪ್ಯೂಜೊ ಅದನ್ನು ಬಹಳ ಕಡಿಮೆ ಬೆಲೆಗೆ, ಪುಟ್ಟ ಕಾರು ಕೊಳ್ಳುವವರ ಕೈಗೆ ತಂದಿತು. ಚಾವಣಿ ಗಾಳಿಯಲ್ಲಿ ಏಳುವ ವೈಭವಕ್ಕಿಂತ, ಅದನ್ನು ಅಗ್ಗ ಮಾಡಿದ ಬಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಕಾರಿನ ಚಾವಣಿಯನ್ನು ತೆಗೆಯುವುದು ಇಡೀ ಕಾರಿನ ಬೆನ್ನೆಲುಬಿಗೆ ಕೈ ಹಾಕುವ ಕೆಲಸ.

ಇಂದಿನ ಹೆಚ್ಚಿನ ಕಾರುಗಳಲ್ಲಿ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇರುವುದಿಲ್ಲ. ತಳ, ಕಂಬ, ಚಾವಣಿ ಎಲ್ಲವನ್ನೂ ವೆಲ್ಡ್ ಮಾಡಿ ಸೇರಿಸಿದ ತಗಡಿನ ಗೂಡೇ ಅದರ ಅಸ್ಥಿಪಂಜರ. ಸಿಹಿತಿಂಡಿ ಅಂಗಡಿಯವರು ಕೊಡುವ ರಟ್ಟಿನ ಡಬ್ಬವನ್ನು ಮುಚ್ಚಳ ಹಾಕಿದ ಸ್ಥಿತಿಯಲ್ಲಿ ಎರಡೂ ತುದಿ ಹಿಡಿದು ತಿರುಚಲು ನೋಡಿ, ಅದು ಗಟ್ಟಿಯಾಗಿ ನಿಲ್ಲುತ್ತದೆ. ಮುಚ್ಚಳ ತೆಗೆದು ತಿರುಚಿ, ಸೊಟ್ಟಗಾಗುತ್ತದೆ. ರಟ್ಟು ಅದೇ, ದಪ್ಪ ಅದೇ. ಸುತ್ತಲೂ ಮುಚ್ಚಿದ ಆಕಾರದಲ್ಲಿ ತಿರುಚುವ ಬಲ ಒಂದು ಗೋಡೆಯಿಂದ ಇನ್ನೊಂದಕ್ಕೆ ಹರಿದು ಪೂರ್ತಿ ಸುತ್ತು ಹಾಕುತ್ತದೆ, ಎಲ್ಲ ಗೋಡೆಗಳೂ ಅದನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ ಸೀಳಿದರೆ ಆ ಸುತ್ತು ಕಡಿದುಹೋಗುತ್ತದೆ, ಆಮೇಲೆ ತಗಡಿನ ದಪ್ಪವೊಂದೇ ಆಸರೆ. ತೆಳ್ಳನೆಯ ತಗಡಿಗೆ ಆ ಶಕ್ತಿ ಎಲ್ಲಿಯದು?

ಹಾಗಾಗಿ ಚಾವಣಿ ಕತ್ತರಿಸಿದ ಕಾರಿನ ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಇಡೀ ಮೈ ತಿರುಚಿಕೊಳ್ಳುತ್ತದೆ. ಮುಂಗಾಜಿನ ಚೌಕಟ್ಟು, ಡ್ಯಾಶ್‌ಬೋರ್ಡು, ಸ್ಟೀರಿಂಗ್ ನಡುಗುತ್ತವೆ. ಬಾಗಿಲುಗಳ ಸಂದಿ ಹೆಚ್ಚುಕಡಿಮೆಯಾಗಿ ಕಿರುಗುಟ್ಟುತ್ತದೆ. ಇದಕ್ಕೆ ಮದ್ದು, ಕಳೆದುಕೊಂಡ ಬಲವನ್ನು ಕೆಳಗಡೆ ತುಂಬಿಕೊಡುವುದು. ಬಾಗಿಲ ಕೆಳಗಿನ ಹೊಸ್ತಿಲಿನಂಥ ಪಟ್ಟಿಯನ್ನು ದಪ್ಪ ಮಾಡುತ್ತಾರೆ, ತಳಕ್ಕೆ ಅಡ್ಡಪಟ್ಟಿಗಳನ್ನು ಬಿಗಿಯುತ್ತಾರೆ. ಕಾರು ಮಗುಚಿದರೆ ತಲೆ ಉಳಿಯಬೇಕಲ್ಲ, ಅದಕ್ಕಾಗಿ ಮುಂಗಾಜಿನ ಕಂಬಗಳೊಳಗೆ ಗಟ್ಟಿ ಉಕ್ಕು ಸೇರಿಸಿ ಸೀಟುಗಳ ಹಿಂದೆ ಕಮಾನು ನಿಲ್ಲಿಸುತ್ತಾರೆ. ಇದರ ಮೇಲೆ ಚಾವಣಿ ಎತ್ತುವ ಯಂತ್ರದ ತೂಕ ಬೇರೆ. ಏನನ್ನೋ ತೆಗೆದ ಕಾರು ಏನನ್ನೂ ತೆಗೆಯದ ಕಾರಿಗಿಂತ ಭಾರವಾಗುವುದು ಹೀಗೆ. 206 ಸಿಸಿ ತನ್ನ ಹ್ಯಾಚ್‌ಬ್ಯಾಕ್ ಸೋದರನಿಗಿಂತ ಸುಮಾರು ನೂರು ಕಿಲೊ ಹೆಚ್ಚು ತೂಗುತ್ತಿತ್ತು. ಚಾವಣಿ ಮುಚ್ಚಿದ ಮೇಲೂ ಕಳೆದ ಬಿಗಿ ಪೂರ್ತಿ ಮರಳುವುದಿಲ್ಲ. ವೆಲ್ಡ್ ಆದ ಚಾವಣಿ ಬೇರೆ, ಕೊಂಡಿ ಮತ್ತು ರಬ್ಬರ್ ಬೀಡಿಂಗಿನ ಮೇಲೆ ಕೂತ ಚಾವಣಿ ಬೇರೆ.

ಬಟ್ಟೆಯ ಚಾವಣಿಯಾದರೆ ಇಷ್ಟರಲ್ಲಿ ಕಷ್ಟ ಮುಗಿಯಿತು. ಬಟ್ಟೆ ಹೇಗೆಂದರೆ ಹಾಗೆ ಸುತ್ತಿಕೊಳ್ಳುತ್ತದೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಸಂಸ್ಥೆ ಹೊರತಂದ ‘ಸ್ಟಾರ್ಮ್’ ಎಂಬ ಎರಡು ಬಾಗಿಲಿನ ಪುಟ್ಟ ಓಪನ್ ಕಾರು, ಫೈಬರ್ ಗ್ಲಾಸ್ ಮೈ ಮತ್ತು ರೆನೋ ಎಂಜಿನ್ ಹೊತ್ತಿದ್ದ ಕಾರು, ಆ ಸರಳ ದಾರಿಯನ್ನೇ ಹಿಡಿದಿತ್ತು. ಲೋಹದ ಚಾವಣಿ ಮಾತ್ರ ಸುತ್ತಿಕೊಳ್ಳುವುದಿಲ್ಲ. ಅದಕ್ಕೆ ಬದಲಾಗದ ಉದ್ದವಿದೆ, ಬಾಗಿದ ಬೆನ್ನಿದೆ, ಮೂಲೆಗಳಿವೆ. ಅದನ್ನು ಗಾಳಿಯಲ್ಲಿ ನಡೆಸಿಕೊಂಡು ಹೋಗಿ, ಯಾರ ತಲೆಗೂ ತಾಗಿಸದೆ, ಪುಟ್ಟ ಡಿಕ್ಕಿಯೊಳಗೆ ಇಳಿಸಬೇಕು.

ಈ ಗಣಿತಕ್ಕೆ ಮೊದಲ ನೆಮ್ಮದಿಯ ಉತ್ತರ ಕೊಟ್ಟವರಲ್ಲಿ ಮುಖ್ಯನಾದವನು ಒಬ್ಬ ಹಲ್ಲಿನ ವೈದ್ಯ. ಪ್ಯಾರಿಸ್ಸಿನ ಜಾರ್ಜ್ ಪೊಲಾನ್ ಹಲ್ಲು ಕೀಳುವ ವೃತ್ತಿಯ ಜೊತೆಗೆ ಕಾರುಗಳ ಆಕಾರ ಬರೆಯುತ್ತಿದ್ದ. ಕಾರಿನ ಗಡಸು ಚಾವಣಿಯನ್ನು ಒಂದೇ ತುಂಡಾಗಿ ಹಿಂದಕ್ಕೆ ಸರಿಸಿ ಡಿಕ್ಕಿಯೊಳಗೆ ಮುಳುಗಿಸುವ ವಿಧಾನಕ್ಕೆ 1930ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. ಕಾರಿನ ಮೈ ಕಟ್ಟುತ್ತಿದ್ದ ಮಾರ್ಸೆಲ್ ಪೂರ್ತು, ಪ್ಯೂಜೊ ವ್ಯಾಪಾರಿ ಎಮಿಲ್ ದಾರ್ಲ್ಮಾ ಅವನ ಜೊತೆ ಸೇರಿದರು. 1934ರಿಂದ ‘ಎಕ್ಲಿಪ್ಸ್’ ಎಂಬ ಹೆಸರಿನಲ್ಲಿ ಪ್ಯೂಜೊ ಕಾರುಗಳು ತಮ್ಮ ಚಾವಣಿಯನ್ನು ತಾವೇ ನುಂಗತೊಡಗಿದವು. 206 ಸಿಸಿ ಹುಟ್ಟಿದ್ದು ಇದೇ ಮನೆತನದಲ್ಲಿ, ಸುಮಾರು ಅರುವತ್ತೈದು ವರ್ಷಗಳ ಅಂತರದಲ್ಲಿ. ಪೊಲಾನ್ ಅದನ್ನು ನೋಡಲಿಲ್ಲ. ಜರ್ಮನಿ ಫ್ರಾನ್ಸನ್ನು ಆಕ್ರಮಿಸಿಕೊಂಡಾಗ ಅವನು ಗುಪ್ತ ಪ್ರತಿರೋಧಕ್ಕೆ ಸೇರಿ ಬ್ರಿಟಿಷರಿಗಾಗಿ ಕೆಲಸ ಮಾಡಿದ, ಸಿಕ್ಕಿಬಿದ್ದ, 1942ರ ಮಾರ್ಚಿನಲ್ಲಿ ನಾತ್ಸಿಗಳು ಅವನನ್ನು ಕೊಂದರು. ಆಗ ಅವನಿಗೆ ನಲವತ್ತರ ಆಸುಪಾಸು. ಮೋಟಾರು ಚರಿತ್ರೆ ಬರೆಯುವವರು ಎಂಜಿನ್ ಕಟ್ಟಿದವರಿಗೆ ಕೊಟ್ಟಷ್ಟು ಪುಟಗಳನ್ನು ಇವನಿಗೂ ಕೊಡಬೇಕಿತ್ತು.

ಯುದ್ಧದ ನಂತರ ಅಮೆರಿಕದ ಫೋರ್ಡ್ ಈ ಬಗೆಯ ಚಾವಣಿಯನ್ನು ಕೈಗೆತ್ತಿಕೊಂಡಿತು. 1957ರಿಂದ 1959ರವರೆಗೆ ತಯಾರಾದ ಸ್ಕೈಲೈನರ್ ಐದು ಮೀಟರಿಗೂ ಉದ್ದವಾದ ಹಡಗಿನಂಥ ಕಾರು. ಅದರ ಚಾವಣಿ ಎತ್ತಲು ಏಳು ವಿದ್ಯುತ್ ಮೋಟಾರು, ಹತ್ತು ರಿಲೇ, ಹತ್ತು ಲಿಮಿಟ್ ಸ್ವಿಚ್ಚು, ಸುಮಾರು ಆರುನೂರು ಅಡಿ ವೈರು ಬೇಕಾಗಿದ್ದವು. ಹಿಂದೆ ಜಾಗ ಸಾಲದೆ ಪೆಟ್ರೋಲ್ ಟ್ಯಾಂಕನ್ನೇ ಹಿಂದಿನ ಸೀಟಿನ ಬೆನ್ನಿಗೆ ಸರಿಸಬೇಕಾಯಿತು. ಮೂರು ವರ್ಷಗಳಲ್ಲಿ ಕಟ್ಟಿದ್ದು 48,394 ಕಾರು. ಒಂದೊಂದು ಚಲನೆಗೂ ಒಂದೊಂದು ಮೋಟಾರು ಕೊಡುತ್ತ ಹೋದರೆ ಖರ್ಚು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಸ್ಕೈಲೈನರ್ ಸಾಬೀತು ಮಾಡಿತು.

ಪುಟ್ಟ ಕಾರಿನಲ್ಲಿ ಇದೆಲ್ಲ ಹೇಗೆ ಹಿಡಿಯಿತು ಎಂದು ತಿಳಿಯಲು 206 ಸಿಸಿಯನ್ನು ಪಕ್ಕದಿಂದ ನೋಡಬೇಕು. ಮುಂಗಾಜು ಅತಿಯಾಗಿ ಹಿಂದಕ್ಕೆ ಒರಗಿದೆ, ಅದರ ಮೇಲಂಚು ಡ್ರೈವರನ ಹಣೆಯ ಹತ್ತಿರಕ್ಕೇ ಬಂದಿದೆ. ನೋಟಕ್ಕೆ ಚೆಂದವಾಯಿತು ಎಂಬುದು ಪಕ್ಕದ ಲಾಭ. ಅಸಲು ಕಾರಣ ಉದ್ದ. ಮುಂಗಾಜು ಎಷ್ಟು ಹಿಂದಕ್ಕೆ ಬರುತ್ತದೋ ಚಾವಣಿ ಅಷ್ಟು ಗಿಡ್ಡವಾಗುತ್ತದೆ. ಗಿಡ್ಡವಾದಷ್ಟೂ ಡಿಕ್ಕಿಗೆ ಹಿಡಿಯುತ್ತದೆ. ಅದನ್ನು ಎರಡು ತುಂಡು ಮಾಡಿ ಒಂದರ ಮೇಲೊಂದು ಮಡಚಿದರೆ ಬೇಕಾದ ಜಾಗ ಇನ್ನೂ ಕಡಿಮೆ. ಹೆಸರಿಗೆ ನಾಲ್ಕು ಸೀಟು. ಹಿಂದಿನ ಎರಡರಲ್ಲಿ ದೊಡ್ಡವರು ಕೂರುವುದು ಕಷ್ಟ, ಏಕೆಂದರೆ ಅವರ ಬೆನ್ನಿಗೆ ಸಿಗಬೇಕಾದ ಜಾಗವನ್ನು ಮಡಚಿದ ಚಾವಣಿ ಕೇಳುತ್ತದೆ.

ಚಾವಣಿಯ ಆ ನಡಿಗೆಯನ್ನು ತೀರ್ಮಾನಿಸುವುದು ಕಂಪ್ಯೂಟರಲ್ಲ, ಕೀಲುಗಳು. ಪ್ರತಿ ಬದಿಯಲ್ಲೂ ಎರಡು ತೋಳು; ಒಂದೊಂದರ ಕೆಳತುದಿ ಕಾರಿನ ಮೈಗೆ, ಮೇಲ್ತುದಿ ಚಾವಣಿಗೆ. ಮೈ, ಎರಡು ತೋಳು, ಚಾವಣಿ ಸೇರಿ ನಾಲ್ಕು ಸರಳುಗಳ ಒಂದು ಚೌಕಟ್ಟು. ತೋಳುಗಳ ಉದ್ದ ಮತ್ತು ಕೀಲುಗಳ ಜಾಗವನ್ನು ಒಮ್ಮೆ ಗೊತ್ತು ಮಾಡಿದರೆ ಚಾವಣಿ ಸಾಗಬೇಕಾದ ದಾರಿಯೂ ಗೊತ್ತಾದಂತೆ. ಸಾವಿರ ಸಲ ತಳ್ಳಿದರೂ ಅದೇ ಕಮಾನಿನಲ್ಲಿ ಎದ್ದು ಅದೇ ಓರೆಯಲ್ಲಿ ಇಳಿಯುತ್ತದೆ. ಜಾಣ್ಮೆಯನ್ನು ವಿನ್ಯಾಸದ ಹಲಗೆಯ ಮೇಲೆ ಖರ್ಚು ಮಾಡಿದ್ದರಿಂದ ಕಾರಿನೊಳಗೆ ಬರೀ ತಳ್ಳುವ ಶಕ್ತಿ ಇದ್ದರೆ ಸಾಕಾಯಿತು.

ಆ ಶಕ್ತಿ ಬರುವುದು ಎಣ್ಣೆಯಿಂದ. ಒಂದೇ ಒಂದು ವಿದ್ಯುತ್ ಮೋಟಾರು ಒಂದು ಪಂಪನ್ನು ತಿರುಗಿಸುತ್ತದೆ. ಒತ್ತಡಕ್ಕೆ ಸಿಕ್ಕಿದ ಎಣ್ಣೆ ಸಣ್ಣ ಕೊಳವೆಗಳಲ್ಲಿ ಹರಿದು ಸಿಲಿಂಡರುಗಳ ದಂಡಗಳನ್ನು ಹೊರಕ್ಕೆ ತಳ್ಳುತ್ತದೆ. ಬೆರಳು ದಪ್ಪದ ದಂಡ ಸಾಕು ಡಿಕ್ಕಿಯ ಮುಚ್ಚಳ ಎತ್ತಲು. ಎಣ್ಣೆ ಎತ್ತ ಹೋಗಬೇಕೆಂದು ವಾಲ್ವುಗಳು ಹೇಳುತ್ತವೆ. ಯಾವ ಹಂತ ಮುಗಿಯಿತೆಂದು ಚಿಕ್ಕ ಸ್ವಿಚ್ಚುಗಳು ತಿಳಿಸುತ್ತವೆ; ಮುಚ್ಚಳ ಪೂರ್ತಿ ತೆರೆದಿದೆ ಎಂಬ ಸುದ್ದಿ ಬರುವ ತನಕ ಚಾವಣಿ ಕದಲುವುದಿಲ್ಲ. ಡಿಕ್ಕಿಯೊಳಗೆ ಒಂದು ಪರದೆಯೂ ಇದೆ. ಅದನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿದ್ದರೆ ಮಾತ್ರ ಯಂತ್ರ ಕೆಲಸ ಶುರು ಮಾಡುತ್ತದೆ. ಸಾಮಾನು ಪರದೆಯ ಕೆಳಗೇ ಇದೆ, ಇಳಿಯುವ ಚಾವಣಿಗೆ ಜಾಗ ಖಾಲಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ‘ಚಾವಣಿ ಕೆಟ್ಟಿದೆ’ ಎಂದು ಕಂಗಾಲಾಗುವ ಮುಂಚೆ ಇಂಥ ಕಾರಿನ ಮಾಲೀಕರು ಮೊದಲು ನೋಡಬೇಕಾದದ್ದು ಆ ಪರದೆಯನ್ನು.

ಡಿಕ್ಕಿಯ ಮುಚ್ಚಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಟ್ಟಿಗೆ ಇಡಲು ಅದು ಹಿಂದಿನಿಂದ ತೆರೆಯಬೇಕು, ಚಾವಣಿ ನುಂಗಲು ಮುಂದಿನಿಂದ. ಅಂದರೆ ಒಂದು ಕಡೆ ಕೀಲಾದದ್ದು ಇನ್ನೊಂದು ಸಲ ಬೀಗವಾಗಬೇಕು, ಬೀಗವಾದದ್ದು ಕೀಲಾಗಬೇಕು. ಎರಡೂ ಒಟ್ಟಿಗೆ ಬಿಟ್ಟುಕೊಂಡರೆ ಮುಚ್ಚಳವೇ ಕಳಚಿ ಬೀಳುತ್ತದೆ. ನೋಡುವವರ ಕಣ್ಣೆಲ್ಲ ಚಾವಣಿಯ ಮೇಲಿರುತ್ತದೆ, ಆದರೆ ಈ ಕಾರಿನ ಅತಿ ಕಠಿಣ ತಗಡುಕೆಲಸ ನನ್ನ ಪ್ರಕಾರ ಈ ಮುಚ್ಚಳದ್ದು.

ಇಲ್ಲಿಗೆ ಅಗ್ಗದ ಗುಟ್ಟು ಬಿಡಿಸಿದಂತಾಯಿತು. ಏಳು ಮೋಟಾರಿನ ಜಾಗದಲ್ಲಿ ಒಂದು ಪಂಪು. ಕಟ್ಟುವ ಕೆಲಸವನ್ನು ಅದರಲ್ಲೇ ಪಳಗಿದವರಿಗೆ ವಹಿಸಿದ್ದು ಇನ್ನೊಂದು: ಪಶ್ಚಿಮ ಫ್ರಾನ್ಸಿನ ಸೆರಿಝೆ ಎಂಬ ಊರಿನ ಹ್ಯೂಲಿಯೆ ಸಂಸ್ಥೆ ಈ ಚಾವಣಿಗಳನ್ನು ಮಾಡಿಕೊಟ್ಟಿತು. ಮತ್ತೆ ಆ ಎರಡು ಹಿಡಿಕೆಗಳು. ಚಾವಣಿಯನ್ನು ಮುಂಗಾಜಿಗೆ ಬಿಗಿಯಾಗಿ ಎಳೆದು ಕೂರಿಸಿ ಬೀಡಿಂಗ್ ಒತ್ತುವ ಕೊನೆಯ ಕೆಲವು ಮಿಲಿಮೀಟರಿಗೆ ಒಳ್ಳೆಯ ಬಲ ಬೇಕು, ನಿಖರತೆ ಬೇಕು. ಅದನ್ನೂ ಯಂತ್ರಕ್ಕೆ ಕೊಡಬೇಕಾದರೆ ಇನ್ನಷ್ಟು ಮೋಟಾರು, ವೈರು, ಸ್ವಿಚ್ಚು. ಮನುಷ್ಯನ ಕೈಗೆ ಅದು ಎರಡು ಕ್ಷಣದ ಕೆಲಸ. ಚಾವಣಿಯನ್ನು ಎತ್ತುವುದು ಕೈಗೆ ಕಷ್ಟ, ಕೊಂಡಿ ಹಾಕುವುದು ಸುಲಭ; ಕಷ್ಟದ್ದನ್ನಷ್ಟೇ ಯಂತ್ರಕ್ಕೆ ಒಪ್ಪಿಸಿ ಸುಲಭದ್ದನ್ನು ಕೈಗೆ ಬಿಟ್ಟರು. ಮುಂದೆ ಬಂದ ದೊಡ್ಡ 307 ಸಿಸಿಯಲ್ಲಿ ಎಲ್ಲವೂ ಸ್ವಯಂಚಾಲಿತವಾಯಿತು. ನನಗೆ ಚಿಕ್ಕದರ ವಿವೇಕವೇ ಹೆಚ್ಚು ಇಷ್ಟ.

ಜಪಾನಿನ ಡೈಹಟ್ಸು 2002ರಲ್ಲಿ ಈ ಚಾವಣಿಯನ್ನು ಇನ್ನೂ ಪುಟ್ಟ ಕಾರಿಗೆ ಇಳಿಸಿತು. ಅಲ್ಲಿನ ಕೇಯಿ ವರ್ಗದ ಕಾರು 3.4 ಮೀಟರ್ ಉದ್ದ, 660 ಸಿಸಿ ಎಂಜಿನ್ ದಾಟುವಂತಿಲ್ಲ. ಆ ಮಿತಿಯೊಳಗೇ ಕೋಪೆನ್ ಎಂಬ ಎರಡು ಸೀಟಿನ ಕಾರು ಅಲ್ಯುಮಿನಿಯಂ ಚಾವಣಿಯನ್ನು ಮಡಚಿ ಹಿಂದಕ್ಕೆ ಇಳಿಸುತ್ತದೆ. ಅದೂ ಸುಮಾರು ಇಪ್ಪತ್ತೇ ಸೆಕೆಂಡಿನಲ್ಲಿ. ಆಮೇಲೆ ಡಿಕ್ಕಿಯಲ್ಲಿ ಒಂದು ತೆಳ್ಳನೆಯ ಚೀಲ ಹಿಡಿದರೆ ಹೆಚ್ಚು.

ಡಿಕ್ಕಿ ಕಳೆದುಕೊಳ್ಳುವುದೇ ಈ ಜಾತಿಯ ಕಾರುಗಳ ಆರದ ದುಃಖ. ಪ್ರವಾಸಕ್ಕೆ ಹೊರಟವರು ಬಿಸಿಲು ಬೇಕೋ ಸಾಮಾನು ಬೇಕೋ ಎಂದು ಆರಿಸಿಕೊಳ್ಳಬೇಕು. ತೂಕವೂ ಕಾಡಿತು. ಅತ್ತ ಬಟ್ಟೆಯ ಚಾವಣಿಗಳು ಹಲವು ಪದರಗಳಾಗಿ, ಗಾಜಿನ ಹಿಂಗಿಂಡಿಯೊಂದಿಗೆ, ಸದ್ದು ಮಳೆ ಎರಡನ್ನೂ ಚೆನ್ನಾಗಿ ತಡೆಯತೊಡಗಿದವು. ಬಿಎಂಡಬ್ಲ್ಯು ತನ್ನ ಝಡ್4 ಕಾರಿಗೆ 2009ರಲ್ಲಿ ಲೋಹದ ಚಾವಣಿ ಕೊಟ್ಟು 2018ರಲ್ಲಿ ಮತ್ತೆ ಬಟ್ಟೆಗೆ ಮರಳಿತು. 206 ಸಿಸಿ 2007ಕ್ಕೆ ನಿಂತು 207 ಸಿಸಿಗೆ ಜಾಗ ಬಿಟ್ಟಿತು, ಈಗ ಆ ಸಾಲೇ ಇಲ್ಲ. ಹ್ಯೂಲಿಯೆ ಕೂಡ 2013ರಲ್ಲಿ ಮುಚ್ಚಿತು.

ಡಿಕ್ಕಿಯ ಪ್ರಶ್ನೆಗೆ ತೀರಾ ಸರಳವಾದ ಉತ್ತರ ಕೊಟ್ಟದ್ದು 2010ರ ರೆನೋ ವಿಂಡ್. ಅದರ ಚಾವಣಿ ಮಡಚುವುದೇ ಇಲ್ಲ. ತಲೆಯ ಮೇಲಿನ ಒಂದೇ ಹಲಗೆ ಸೀಟಿನ ಹಿಂದಿನ ಅಚ್ಚಿನ ಸುತ್ತ ಅರ್ಧ ಸುತ್ತು ತಿರುಗಿ ಅಂಗಾತ ಮಲಗುತ್ತದೆ, 12 ಸೆಕೆಂಡಿನಲ್ಲಿ. ಅದರ ಕೆಳಗೆ 270 ಲೀಟರಿನ ಡಿಕ್ಕಿ ಮುಟ್ಟದೆ ಉಳಿಯುತ್ತದೆ. ಎರಡೇ ಸೀಟಿನ ಆ ಕಾರನ್ನು ಜನ ಹೆಚ್ಚು ಕೊಳ್ಳಲಿಲ್ಲ, ಮೂರು ವರ್ಷದಲ್ಲಿ ನಿಂತಿತು. ಅದಕ್ಕೆ ಇನ್ನಷ್ಟು ಕಾಲ ಸಿಗಬೇಕಿತ್ತು. 2016ರಲ್ಲಿ ಮಜ್ದಾ ತೋರಿಸಿದ ಎಂಎಕ್ಸ್-5 ಆರ್‌ಎಫ್ ಕೂಡ ತಲೆಯ ಮೇಲಿನ ಭಾಗವನ್ನು ಮಾತ್ರ ಹಿಂದಕ್ಕಿಳಿಸಿ ಹಿಂದಿನ ಕಮಾನನ್ನು ಕಾರಿನ ಮೇಲೆಯೇ ಬಿಡುತ್ತದೆ. ಮಡಚಿದ ತುಂಡುಗಳು ಸೀಟುಗಳ ಹಿಂದಿನ ಕಿರಿದಾದ ಜಾಗದಲ್ಲೇ ಹಿಡಿಯುವುದರಿಂದ ಅದರ ಡಿಕ್ಕಿ ಬಟ್ಟೆಯ ಚಾವಣಿಯ ಎಂಎಕ್ಸ್-5ರ ಡಿಕ್ಕಿಯಷ್ಟೇ ಹೆಚ್ಚುಕಡಿಮೆ ಉಳಿದಿದೆ.