ಕಂಪನಿಗೆ ರಿಯಾಯಿತಿ, ಕಲ್ಲಿದ್ದಲಿಗೆ ದಾರಿ: ಎರಡು ಕಾಯಿದೆಗಳ ಲೆಕ್ಕ



“ಟ್ಯಾಕ್ಸ್ ಕಟ್ಟೋರು ಪೇಟೆಯ ದೊಡ್ಡವರು, ನಾವು ಸರ್ಕಾರದಿಂದ ತಗೊಳ್ಳೋರು ಮಾತ್ರ” ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಹೇಳುವವರು ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾರೆ. ಆದರೆ ಈ ಮಾತು ನಿಜವಲ್ಲ.

ತೆರಿಗೆಯಲ್ಲಿ ಎರಡು ಬಗೆ. ಆದಾಯದ ಮೇಲೆ, ಲಾಭದ ಮೇಲೆ ಕಟ್ಟುವುದು ನೇರ ತೆರಿಗೆ. ಹೆಚ್ಚು ಗಳಿಸಿದವರು ಹೆಚ್ಚು ಕಟ್ಟಬೇಕು ಎನ್ನುವುದು ಅದರ ನ್ಯಾಯ. ಸಾಮಾನು ಕೊಳ್ಳುವಾಗ ಬೆಲೆಯೊಳಗೇ ಸೇರಿಕೊಂಡು ಹೋಗುವುದು ಪರೋಕ್ಷ ತೆರಿಗೆ. ಸೋಪಿಗೂ ಟೂತ್‌ಪೇಸ್ಟಿಗೂ ತಲೆಗೆ ಹಚ್ಚುವ ಎಣ್ಣೆಗೂ 2025ರ ಸೆಪ್ಟೆಂಬರ್ 22ರ ತನಕ ನೂರಕ್ಕೆ 18ರಂತೆ ಜಿಎಸ್‌ಟಿ ಇತ್ತು, ಆ ದಿನ ಅದು 5ಕ್ಕೆ ಇಳಿಯಿತು. ಕೂಲಿಗೆ ಹೋಗುವವಳೂ ಕಾರ್ಖಾನೆಯ ಮಾಲೀಕನೂ ಒಂದು ಸೋಪಿಗೆ ಕಟ್ಟುವ ತೆರಿಗೆ ಒಂದೇ. ಆದ್ದರಿಂದ ಸರ್ಕಾರ ಯಾವ ತೆರಿಗೆ ಇಳಿಸಿತು, ಯಾವುದನ್ನು ಏರಿಸಿತು ಎಂದು ಕೇಳುವುದು ನಮ್ಮ ಮನೆಯ ಲೆಕ್ಕವನ್ನೇ ಕೇಳಿದ ಹಾಗೆ.

2019ರ ಸೆಪ್ಟೆಂಬರ್ 20ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕಂಪನಿಗಳ ಲಾಭದ ಮೇಲಿನ ತೆರಿಗೆ ಇಳಿಸುವ ಸುಗ್ರೀವಾಜ್ಞೆಯನ್ನು ಪ್ರಕಟಿಸಿದರು. ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಕಾಯಿದೆ ಮಾಡಿತು. ದೊಡ್ಡ ಕಂಪನಿಗಳಿಗೆ ನೂರಕ್ಕೆ 30 ಇದ್ದ ತೆರಿಗೆ, ಬೇರೆ ರಿಯಾಯಿತಿಗಳನ್ನು ಬಿಟ್ಟುಕೊಟ್ಟರೆ, 22 ಆಯಿತು. ಸರ್ಚಾರ್ಜು, ಸೆಸ್ಸು ಎಲ್ಲ ಸೇರಿಸಿದರೆ 34.94 ಇದ್ದದ್ದು 25.17ಕ್ಕೆ ಬಂತು. 2019ರ ಅಕ್ಟೋಬರಿನಿಂದ ಈಚೆಗೆ ಹೊಸದಾಗಿ ಶುರುವಾಗುವ ತಯಾರಿಕಾ ಕಂಪನಿಗಳಿಗೆ ಬರೀ 15. ಅವು 2023ರ ಮಾರ್ಚಿನ ಒಳಗೆ ಉತ್ಪಾದನೆ ಆರಂಭಿಸಬೇಕಿತ್ತು, ಆಮೇಲೆ ಆ ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. 2020ರಲ್ಲಿ ವಿದ್ಯುತ್ ಉತ್ಪಾದನೆಯನ್ನೂ “ತಯಾರಿಕೆ” ಎಂದು ಸೇರಿಸಿದರು. ಸೂರ್ಯನಿಂದ ಮಾಡುವ ಕರೆಂಟಿಗೆ ಮಾತ್ರ ಎಂದು ಅಲ್ಲಿ ಹೇಳಿಲ್ಲ, ಕಲ್ಲಿದ್ದಲು ಸುಟ್ಟು ಮಾಡುವುದಕ್ಕೂ ಅದೇ ರಿಯಾಯಿತಿ.

ಒಂದು ಸಣ್ಣ ಲೆಕ್ಕ ಮಾಡೋಣ. ಪುಸ್ತಕ ಬರೆಯುವವರು ಪೆನ್ಸಿಲ್ ತೆಗೆದುಕೊಳ್ಳಿ. ಹಳೆಯ ಪೂರ್ತಿ ದರದಲ್ಲಿ ಕಟ್ಟುತ್ತಿದ್ದ ಕಂಪನಿಗೆ 100 ಕೋಟಿ ಲಾಭ ಬಂದಿದೆ ಅಂತ ಇಟ್ಟುಕೊಳ್ಳಿ. ಮೊದಲು 34 ಕೋಟಿ 94 ಲಕ್ಷ ಕಟ್ಟಬೇಕಿತ್ತು, ಈಗ 25 ಕೋಟಿ 17 ಲಕ್ಷ. ಉಳಿದದ್ದು 9 ಕೋಟಿ 77 ಲಕ್ಷ. ಅಂಗನವಾಡಿ ಕಾರ್ಯಕರ್ತೆಗೆ ಕೇಂದ್ರ ನಿಗದಿ ಮಾಡಿದ ಗೌರವಧನ 2018ರಲ್ಲಿ ತಿಂಗಳಿಗೆ 4,500 ರೂಪಾಯಿ ಆಯಿತು, ಮುಂದಿನ ಆರು ವರ್ಷ ಅಲ್ಲೇ ನಿಂತಿತ್ತು. ಆ ಲೆಕ್ಕದಲ್ಲಿ ಒಂದೇ ಕಂಪನಿಗೆ ಉಳಿದ ಹಣದಲ್ಲಿ 1,800 ಕಾರ್ಯಕರ್ತೆಯರಿಗೆ ಇಡೀ ವರ್ಷ ಕೊಡಬಹುದಿತ್ತು.

ದೇಶದ ಲೆಕ್ಕ ಇನ್ನೂ ದೊಡ್ಡದು. ಈ ಇಳಿಕೆಯಿಂದ ವರ್ಷಕ್ಕೆ 1,45,000 ಕೋಟಿ ರೂಪಾಯಿ ಕಡಿಮೆಯಾಗುತ್ತದೆ ಎಂದು ಸರ್ಕಾರವೇ ಅಂದಾಜು ಹೇಳಿತ್ತು. ಅದೇ 2019–20ರ ಬಜೆಟ್ಟಿನಲ್ಲಿ ಉದ್ಯೋಗ ಖಾತರಿಗೆ ಇಟ್ಟದ್ದು 60,000 ಕೋಟಿ. ಮೊದಲ ಎರಡು ವರ್ಷಗಳಲ್ಲಿ ಸುಮಾರು 1.84 ಲಕ್ಷ ಕೋಟಿ ಬಿಟ್ಟುಹೋಯಿತು ಎಂದು 2022ರಲ್ಲಿ ಸಂಸತ್ತಿನ ಅಂದಾಜು ಸಮಿತಿಯ ವರದಿ ಹೇಳಿತು.

ಸರ್ಕಾರದ ವಾದವನ್ನೂ ಕೇಳಬೇಕು. ತೆರಿಗೆ ಕಡಿಮೆ ಇದ್ದರೆ ಹೊರದೇಶದ ಕಂಪನಿಗಳು ಇಲ್ಲಿಗೆ ಬರುತ್ತವೆ, ಇಲ್ಲಿಯವರು ಹೊಸ ಕಾರ್ಖಾನೆ ಹಾಕುತ್ತಾರೆ, ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂದು ಅವರು ಹೇಳಿದರು. ಹಾಗೆ ಆಗಿದ್ದರೆ ನಮಗೂ ಸಂತೋಷವೇ. ಆದರೆ 2024ರ ಜುಲೈಯಲ್ಲಿ ಬಂದ ಸರ್ಕಾರದ್ದೇ ಆರ್ಥಿಕ ಸಮೀಕ್ಷೆ ಏನು ಹೇಳಿತು ನೋಡಿ. 33,000ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ತೆಗೆದು ನೋಡಿದಾಗ, ಮೂರೇ ವರ್ಷದಲ್ಲಿ ಅವುಗಳ ಲಾಭ ಹೆಚ್ಚುಕಡಿಮೆ ನಾಲ್ಕು ಪಟ್ಟಾಗಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವುದೂ ಸಂಬಳವೂ ಆ ವೇಗದಲ್ಲಿ ಬೆಳೆಯಲೇ ಇಲ್ಲ. ಇದು ವಿರೋಧ ಪಕ್ಷದವರು ಹೇಳಿದ್ದಲ್ಲ. 2023–24ಕ್ಕೆ ಬಂದಾಗ ಕಂಪನಿಗಳಿಂದ ಬಂದ ತೆರಿಗೆ 9.11 ಲಕ್ಷ ಕೋಟಿ, ವೈಯಕ್ತಿಕ ಆದಾಯ ತೆರಿಗೆ 10.44 ಲಕ್ಷ ಕೋಟಿ. ಅಂದರೆ ಎಲ್ಲಾ ಕಂಪನಿಗಳು ಸೇರಿ ಕಟ್ಟಿದ್ದಕ್ಕಿಂತ ಜನ ಕಟ್ಟಿದ್ದೇ ಹೆಚ್ಚು.

ಇನ್ನು ಡೀಸೆಲ್ ವಿಷಯ. 2014ರ ಏಪ್ರಿಲಿನಲ್ಲಿ ಒಂದು ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 3 ರೂಪಾಯಿ 56 ಪೈಸೆ. 2020ರಲ್ಲಿ ಕೊರೊನಾ ಲಾಕ್‌ಡೌನ್ ಹೊತ್ತಿಗೆ ಪ್ರಪಂಚದಲ್ಲಿ ಕಚ್ಚಾ ತೈಲದ ಬೆಲೆ ಕುಸಿದಿತ್ತು. ಆ ಲಾಭ ನಮಗೆ ಬರಲಿಲ್ಲ. ಮೇ ತಿಂಗಳಲ್ಲಿ ಒಂದೇ ರಾತ್ರಿಯಲ್ಲಿ ಡೀಸೆಲ್ ಮೇಲೆ 13 ರೂಪಾಯಿ, ಪೆಟ್ರೋಲ್ ಮೇಲೆ 10 ರೂಪಾಯಿ ಸುಂಕ ಏರಿಸಿದರು. ಡೀಸೆಲ್ ಸುಂಕ 31 ರೂಪಾಯಿ 83 ಪೈಸೆ ಆಯಿತು. ತರಕಾರಿ ಟೆಂಪೋದವರು 20 ಲೀಟರ್ ಹಾಕಿಸಿದರೆ ಅದರಲ್ಲಿ 636 ರೂಪಾಯಿ ಕೇಂದ್ರದ ಸುಂಕವೇ. ಅದನ್ನು ಟೆಂಪೋದವರು ತಮ್ಮ ಕೈಯಿಂದ ಹಾಕಿಕೊಳ್ಳಲಿಲ್ಲ, ಟೊಮೆಟೊ ಮೇಲೆ ಹಾಕಿದರು. 2021 ಮತ್ತು 2022ರಲ್ಲಿ ಇಳಿಸಿದ ಮೇಲೆ ಅದು 15 ರೂಪಾಯಿ 80 ಪೈಸೆಗೆ ಬಂತು, 2025ರ ಏಪ್ರಿಲಿನಲ್ಲಿ ಮತ್ತೆ 2 ರೂಪಾಯಿ ಏರಿತು. ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ, ಅದೇ ಏಪ್ರಿಲಿನಲ್ಲಿ ಕರ್ನಾಟಕವೂ ಡೀಸೆಲ್ ಮಾರಾಟ ತೆರಿಗೆ ಏರಿಸಿತು. ನಮಗೆ ಬಸ್ಸು ಉಚಿತ, ನಿಜ. ನಾವು ತಿನ್ನುವ ಸೊಪ್ಪಿಗೆ ಉಚಿತ ಬಸ್ಸಿಲ್ಲ!

ಗ್ಯಾಸ್ ಸಬ್ಸಿಡಿಯೂ 2020ರ ಮಧ್ಯದಿಂದ ಹೆಚ್ಚಿನವರ ಖಾತೆಗೆ ಬರುವುದು ನಿಂತಿತು. ಉಜ್ವಲಾ ಸಂಪರ್ಕ ಇದ್ದವರಿಗೆ 2022ರ ಮೇಯಲ್ಲಿ ಸಿಲಿಂಡರಿಗೆ 200 ರೂಪಾಯಿ ಕೊಡಲು ಶುರು ಮಾಡಿದರು, 2023ರ ಅಕ್ಟೋಬರಿನಲ್ಲಿ ಅದನ್ನು 300 ಮಾಡಿದರು.

ಎರಡನೆಯ ಕಾಯಿದೆ ಕಲ್ಲಿದ್ದಲಿನದು. 1973ರಲ್ಲಿ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಕರಣ ಮಾಡಿದ್ದರು. ಆಮೇಲೆ ಖಾಸಗಿಯವರಿಗೆ ಕೊಟ್ಟಾಗಲೂ ಸ್ವಂತ ಉಕ್ಕಿನ ಕಾರ್ಖಾನೆಗೋ ಕರೆಂಟ್ ಘಟಕಕ್ಕೋ ಸಿಮೆಂಟಿಗೋ ಬಳಸಬೇಕು ಎಂಬ ಷರತ್ತಿತ್ತು. ಆ ಹಂಚಿಕೆಯಲ್ಲಿ ಅಕ್ರಮ ಕಂಡು 2014ರಲ್ಲಿ ಸುಪ್ರೀಂ ಕೋರ್ಟು 214 ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿತು. 2015ರ ಕಾಯಿದೆ ಬಾಗಿಲು ಅರ್ಧ ತೆರೆಯಿತು. 2020ರ ಮಾರ್ಚಿನಲ್ಲಿ ಸಂಸತ್ತು ಒಪ್ಪಿದ ಖನಿಜ ಕಾನೂನುಗಳ ತಿದ್ದುಪಡಿ ಕಾಯಿದೆ ಪೂರ್ತಿ ತೆರೆಯಿತು. ಕಲ್ಲಿದ್ದಲು ತೆಗೆದ ಅನುಭವ ಬೇಕಿಲ್ಲ, ತೆಗೆದದ್ದನ್ನು ಯಾರಿಗಾದರೂ ಮಾರಬಹುದು. ಲಾಕ್‌ಡೌನ್ ಇನ್ನೂ ಪೂರ್ತಿ ಮುಗಿಯದ ಜೂನ್ 18ರಂದೇ 41 ಗಣಿಗಳ ಹರಾಜು ಪ್ರಕ್ರಿಯೆ ಶುರುವಾಯಿತು. ಗಣಿಯ ಆದಾಯದಲ್ಲಿ ಸರ್ಕಾರಕ್ಕೆ ಕೊಡಬೇಕಾದ ಪಾಲಿನ ಕೂಗು ನೂರಕ್ಕೆ 4ರಿಂದ ಆರಂಭ, ರಾಜಧನ ಬೇರೆ. 2024ರ ಜನವರಿಯಲ್ಲಿ ಕಲ್ಲಿದ್ದಲಿನಿಂದ ಅನಿಲ ಮಾಡುವ ಯೋಜನೆಗಳಿಗೆ 8,500 ಕೋಟಿ ಪ್ರೋತ್ಸಾಹಧನಕ್ಕೆ ಕೇಂದ್ರ ಸಂಪುಟ ಒಪ್ಪಿತು.

ಇಲ್ಲಿ ಇನ್ನೊಂದು ಸಂಗತಿ ಇದೆ, ಸಂಘ ನಡೆಸುವವರಿಗೆ ಬೇಗ ಅರ್ಥವಾಗುತ್ತದೆ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. ಸೌರ, ಗಾಳಿಯಂಥ ಶುದ್ಧ ಶಕ್ತಿಗೆ ಬಳಸುತ್ತೇವೆ ಎಂದು ಹೇಳಿದ್ದರು. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಒಟ್ಟು ಸುಮಾರು 86,000 ಕೋಟಿ ಸೇರಿತು. ಅದಕ್ಕಾಗಿಯೇ ಮಾಡಿದ್ದ ನಿಧಿಗೆ ಹೋದದ್ದು 30,000 ಕೋಟಿಯೂ ಇಲ್ಲ. 2017ರಲ್ಲಿ ಆ ಸೆಸ್ಸನ್ನೇ ರಾಜ್ಯಗಳಿಗೆ ಜಿಎಸ್‌ಟಿ ನಷ್ಟ ತುಂಬುವುದಕ್ಕೆ ತಿರುಗಿಸಿದರು, 2025ರ ಸೆಪ್ಟೆಂಬರಿನಲ್ಲಿ ತೆಗೆದೇಬಿಟ್ಟು ಜಿಎಸ್‌ಟಿಯನ್ನು 5ರಿಂದ 18ಕ್ಕೆ ಏರಿಸಿದರು. ಹೆರಿಗೆಗೆಂದು ಎತ್ತಿಟ್ಟ ಸಂಘದ ಹಣವನ್ನು ಠರಾವಿಲ್ಲದೆ ಬೇರೆಯದಕ್ಕೆ ಕೊಟ್ಟರೆ ನೀವು ಪ್ರತಿನಿಧಿಯನ್ನು ಸುಮ್ಮನೆ ಬಿಡುತ್ತೀರಾ?

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೂ ರಾಯಚೂರು, ಬಳ್ಳಾರಿಯ ಘಟಕಗಳಲ್ಲಿ ಸುಡುವುದು ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲೇ. ನಮ್ಮ ಮನೆಯ ಬಲ್ಬಿಗೂ ಅದು ಬೇಕು, ನಾಳೆಯೇ ಎಲ್ಲ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಯಾರ ಊರು ಅಗೆದು ತರುತ್ತಾರೆ ಎನ್ನುವುದು ತಿಳಿದಿರಬೇಕು. ಛತ್ತೀಸಗಡದ ಹಸದೇವ್ ಅರಣ್ಯದ ಆದಿವಾಸಿಗಳು 2021ರ ಅಕ್ಟೋಬರಿನಲ್ಲಿ ಗಣಿ ಬೇಡವೆಂದು ರಾಯಪುರದ ತನಕ ಸುಮಾರು 300 ಕಿಲೋಮೀಟರ್ ನಡೆದರು. ಹೆಂಗಸರೂ ನಡೆದರು, ಕಾಡಿನಲ್ಲಿ ಮರ ಕಾದವರಲ್ಲೂ ಅವರಿದ್ದರು. 2022ರ ಜುಲೈಯಲ್ಲಿ ಆ ರಾಜ್ಯದ ವಿಧಾನಸಭೆಯೇ ಅಲ್ಲಿನ ಗಣಿಗಳನ್ನು ರದ್ದು ಮಾಡಿ ಎಂದು ನಿರ್ಣಯ ಮಾಡಿತು. ಆದರೂ 2023ರ ಡಿಸೆಂಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ಒಂದು ಗಣಿಗಾಗಿ ಸಾವಿರಾರು ಮರ ಕಡಿದರು.

ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಪ್ರತಿ ಸಂಘದಿಂದ ಒಂದು ಗ್ಯಾಸ್ ರಸೀದಿ, ಒಂದು ಪೆಟ್ರೋಲ್ ಬಂಕಿನ ಚೀಟಿ, ಒಂದು ಕಿರಾಣಿ ಬಿಲ್ಲು ತನ್ನಿ. ಬಿಲ್ ಕೊಡದ ಅಂಗಡಿಯವರನ್ನು ಕೇಳಿಯೇ ತನ್ನಿ. ಒಂದು ತಿಂಗಳಿಗೆ ನಮ್ಮಲ್ಲಿ ಒಬ್ಬೊಬ್ಬಳು ಎಷ್ಟು ತೆರಿಗೆ ಕಟ್ಟುತ್ತಾಳೆ ಎಂದು ಕೂತು ಬರೆಯೋಣ. ಆ ಹಾಳೆಯನ್ನು ಸಂಸದರು ಊರಿಗೆ ಬಂದಾಗ ಅವರ ಕೈಗೇ ಕೊಟ್ಟು, ಈ ಎರಡು ಕಾಯಿದೆಗಳ ಬಗ್ಗೆ ಸಂಸತ್ತಿನಲ್ಲಿ ತಾವು ಏನು ಮಾತಾಡಿದಿರಿ ಅಂತ ಕೇಳೋಣ.